ಹಳದಿ ಮನೆಯ ಮೌರೀನ್

2014ರ ಅಕ್ಟೋಬರ್ 14, ಮಂಗಳವಾರ. ಬೆಳಗ್ಗೆ 9 ಗಂಟೆ 20 ನಿಮಿಷಕ್ಕೆ ನಾರ್ಡೀನ್ ಊರಿನ ಶೆರೀಫ್ ಠಾಣೆಗೆ ದೂರು ಕೊಡಲು ಬಂದವರು ವರ್ನಾ ಹೌಟಲಾ. ವಯಸ್ಸು ಎಪ್ಪತ್ತಾರು, ವೃತ್ತಿ ಲೇಖಕಿ. ಅವರ ಪರಿಚಯ ಕೇಳಬೇಕಾದ ಅಗತ್ಯ ಠಾಣೆಯಲ್ಲಿ ಯಾರಿಗೂ ಇರಲಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಈ ಗಣಿ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಗಳ ಬಗ್ಗೆ ಅವರು ಹತ್ತೊಂಬತ್ತು ಪುಸ್ತಕ ಬರೆದಿದ್ದರು. ಸುತ್ತಲಿನ ಯಾವ ಕೋರ್ಟಿನಲ್ಲಿ ಕೊಲೆ ವಿಚಾರಣೆ ನಡೆದರೂ ಎರಡನೆಯ ಬೆಂಚಿನ ತುದಿಯಲ್ಲಿ ವರ್ನಾ ಇರಲೇಬೇಕು, ಪಕ್ಕದಲ್ಲಿ ಫ್ಲಾಸ್ಕಿನ ಕಾಫಿ ಇರಲೇಬೇಕು. ತೀರ್ಪು ಬಂದ ಮಾರನೆಯ ದಿನ ಸತ್ತವರ ಮನೆಗೆ ಬಿಸಿ ಅಡುಗೆ ಹಿಡಿದು ಹೋಗುತ್ತಿದ್ದರು. ಆ ಪಾತ್ರೆಯನ್ನು ವಾಪಸು ತರಲು ಹೋದಾಗ ಅರ್ಧ ಪುಸ್ತಕ ಸಿಕ್ಕಿಬಿಡುತ್ತದೆ ಎಂದು ಠಾಣೆಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು.

ದೂರು ಬರೆದುಕೊಂಡವಳು ಸಾರ್ಜೆಂಟ್ ಡೇನಾ ಪ್ರೆಬಿಚ್. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದು ಆರು ವರ್ಷವಾಗಿತ್ತು. ಆರು ವರ್ಷ ಎಂದರೆ ಈ ಊರಿನ ಲೆಕ್ಕದಲ್ಲಿ ನಿನ್ನೆ ಬಂದವಳು.

"ಏನು ಹೋಗಿದೆ?"

"ಒಂದು ರಟ್ಟಿನ ಪೆಟ್ಟಿಗೆ. ನೆಲಮಾಳಿಗೆಯಿಂದ."

"ಒಳಗೇನಿತ್ತು?"

"ಕಾಗದ."

"ಬರೀ ಕಾಗದಾನಾ?"

"ನನ್ನ ಮನೇಲಿ ಇರೋದೇ ಕಾಗದ, ಸಾರ್ಜೆಂಟ್. ಕದ್ದವನಿಗೆ ಅಷ್ಟು ಗೊತ್ತಿದೆ ಅಂದ್ರೆ ಅವನು ನನ್ನ ಓದುಗನೇ ಇರ್ಬೇಕು."

ವರ್ನಾ ಅವರ ಅನುಮಾನ ಹೊರಗಿನವರ ಮೇಲಿತ್ತು. ಕೊಲೆಗೆ ಸಂಬಂಧಿಸಿದ ಚೂರುಪಾರು ಸಾಮಾನುಗಳನ್ನು ಸಂಗ್ರಹಿಸುವ ಹುಚ್ಚರಿದ್ದಾರೆ, ಅವರಲ್ಲಿ ಯಾರೋ ಒಬ್ಬ ಬಂದು ಹೋಗಿದ್ದಾನೆ ಎಂದರು. ಸೋಮವಾರ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಚರ್ಚಿನ ಊಟಕ್ಕೆ ಹೋಗಿದ್ದಾಗ ಕಳ್ಳತನ ಆಗಿರಬೇಕು, ಇಂದು ಬೆಳಗ್ಗೆ ಕೆಳಗೆ ಇಳಿದಾಗಲೇ ಗೊತ್ತಾದದ್ದು ಎಂದೂ ಹೇಳಿದರು. 9 ಗಂಟೆ 45ಕ್ಕೆ ದೂರು ದಾಖಲಾಯಿತು.

ಮಹಜರಿಗೆ ಡೇನಾಳ ಜೊತೆ ಹೋದವನು ಡೆಪ್ಯುಟಿ ಓಡೆಲ್ ಸ್ಯಾಂಡ್ನೆಸ್. ಐವತ್ತೊಂಬತ್ತು ವಯಸ್ಸಿನ, ಮಂಡಿನೋವಿನ, ಊರಿನಲ್ಲೇ ಹುಟ್ಟಿ ಬೆಳೆದ ಮನುಷ್ಯ. ನಾರ್ಡೀನ್‌ನಲ್ಲಿ ಜನ ಹಗಲು ಬಾಗಿಲಿಗೆ ಬೀಗ ಹಾಕುವುದಿಲ್ಲ. ವರ್ನಾ ಅವರ ಮುಂಬಾಗಿಲಿಗೆ ಮಾತ್ರ ಮೂರು ಬೀಗ. ಮೂರೂ ಭದ್ರವಾಗಿದ್ದವು. ಕಿಟಕಿಗಳೂ ಸರಿಯಾಗಿದ್ದವು. ಅಡುಗೆಮನೆಯ ಹಿಂಬಾಗಿಲ ಚಿಲಕ ಮಾತ್ರ ಒಳಗಿನಿಂದ ತೆಗೆದಿತ್ತು. ಕಳ್ಳ ಹೊರಗೆ ಹೋದದ್ದು ಅಲ್ಲಿಂದ ಎನ್ನುವುದು ತಿಳಿಯಿತು, ಒಳಗೆ ಬಂದದ್ದು ಎಲ್ಲಿಂದ ಎನ್ನುವುದು ತಿಳಿಯಲಿಲ್ಲ.

ನೆಲಮಾಳಿಗೆಯ ಗೋಡೆಗೆ ಸಾಲಾಗಿ ಪೆಟ್ಟಿಗೆಗಳಿದ್ದವು, ಪುಸ್ತಕಕ್ಕೊಂದರಂತೆ, ಅಂಕಿ ಬರೆದು. ಎರಡರಿಂದ ಹತ್ತೊಂಬತ್ತರವರೆಗೆ ಎಲ್ಲವೂ ಇದ್ದವು. ಒಂದನೆಯದರ ಜಾಗ ಮಾತ್ರ ಖಾಲಿ. ಪಕ್ಕದಲ್ಲೇ ಹೊಸ ಕ್ಯಾಮೆರಾ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ.

ಮಂಡಿ ಹಿಡಿದುಕೊಂಡು ಬಗ್ಗಿದ ಓಡೆಲ್ ಗೋಡೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬಾಗಿಲು ತೋರಿಸಿದ. ಹಿಂದಿನ ಕಾಲದಲ್ಲಿ ಹೊರಗಿನಿಂದ ಕಲ್ಲಿದ್ದಲು ಸುರಿಯುತ್ತಿದ್ದ ಕಿಂಡಿ ಅದು. ಅದರ ತುಕ್ಕು ಹೊಸದಾಗಿ ಕೆರೆದುಹೋಗಿತ್ತು.

"ಇದರಲ್ಲಿ ನಾನಂತೂ ತೂರಲ್ಲ, ನೀವೂ ತೂರಲ್ಲ," ಎಂದ ಓಡೆಲ್. "ಹಿಡಿಯಷ್ಟು ಇರೋ ಯಾರೋ ಬಂದಿದಾರೆ, ಸಾರ್ಜೆಂಟ್."

ಮೆಟ್ಟಿಲ ಮೇಲೆ ನಿಂತಿದ್ದ ವರ್ನಾ ಅವರ ಮುಖ ಆ ಮಾತಿಗೆ ಬಿಳಿಚಿಕೊಂಡಿತು. ಡೇನಾ ಅದನ್ನು ಗಮನಿಸಿದಳು. ವಯಸ್ಸಾದವರು, ಹೆದರಿಕೊಂಡಿರಬೇಕು ಎಂದುಕೊಂಡಳು. ಪಂಚನಾಮೆಗೆ ಅವರ ಸಹಿ ಹಾಕಿಸಿಕೊಂಡು ಹೊರಟಳು.

ಮಾರನೆಯ ದಿನ, ಬುಧವಾರ, ಬೆಳಗ್ಗೆ 8 ಗಂಟೆ 10ಕ್ಕೆ ವರ್ನಾ ಮತ್ತೆ ಠಾಣೆಯಲ್ಲಿದ್ದರು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಪೆಟ್ಟಿಗೆಯನ್ನು ತಾನೇ ಎಲ್ಲೋ ಇಟ್ಟು ಮರೆತಿರಬೇಕಂತೆ. ಎಲ್ಲಿ ಎಂದು ಕೇಳಿದರೆ ನೆನಪಿಲ್ಲವಂತೆ. ಕಿಂಡಿಯ ತುಕ್ಕು ಕೆರೆದದ್ದು ಯಾರು ಎಂದರೆ ಇಲಿ ಇರಬಹುದಂತೆ. ಮೂವತ್ತು ವರ್ಷ ಬೇರೆಯವರ ಸುಳ್ಳನ್ನು ಎಳೆಎಳೆಯಾಗಿ ಬಿಡಿಸಿ ಬರೆದ ಹೆಂಗಸು ಇಷ್ಟು ಕಳಪೆ ಸುಳ್ಳು ಹೇಳುತ್ತಿದ್ದುದನ್ನು ನೋಡಿ ಡೇನಾಳಿಗೆ ತಲೆಬುಡ ಅರ್ಥವಾಗಲಿಲ್ಲ. ಕಳೆದುಕೊಂಡವರಿಗೇ ಕಳ್ಳ ಸಿಗುವುದು ಬೇಡವಾದ ಪ್ರಕರಣವನ್ನು ಅವಳು ಅದುವರೆಗೆ ಕಂಡಿರಲಿಲ್ಲ. ದೂರು ವಾಪಸಾಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಜಿಲ್ಲೆಯ ಸರ್ಕಾರಿ ವಕೀಲರ ಕೆಲಸ, ಅಲ್ಲಿಯವರೆಗೆ ತನಿಖೆ ನಡೆಯುತ್ತದೆ ಎಂದು ಹೇಳಿ ಕಳಿಸಿದಳು.

ಪೆಟ್ಟಿಗೆ ಬೇಕಾದದ್ದು ಯಾರಿಗೆ ಎಂದು ತಿಳಿಯಲು ಮೊದಲು ಪುಸ್ತಕ ಓದಬೇಕು. ಊರಲ್ಲಿ ಎಲ್ಲರೂ ಓದಿದ ಆ ಮೊದಲ ಪುಸ್ತಕವನ್ನು ಡೇನಾ ಓದಿರಲಿಲ್ಲ. 10 ಗಂಟೆಗೆ ಗ್ರಂಥಾಲಯಕ್ಕೆ ಹೋದಳು. ಅಲ್ಲಿನವರು ಒಂದು ಸಂಗತಿ ಹೇಳಿದರು. ಕಳೆದ ತಿಂಗಳು ವರ್ನಾ ಅಲ್ಲಿ ಭಾಷಣ ಮಾಡಿ, ತಮ್ಮ ಎಲ್ಲ ಪೆಟ್ಟಿಗೆಗಳನ್ನು ನವೆಂಬರ್ ಒಂದರಂದು ವಿಶ್ವವಿದ್ಯಾಲಯಕ್ಕೆ ಕೊಡುವುದಾಗಿ ತಿಳಿಸಿದ್ದರಂತೆ. ಪುಸ್ತಕಗಳಲ್ಲಿ ಹೆಸರು ಬದಲಿಸಿದವರ ನಿಜವಾದ ಹೆಸರೆಲ್ಲ ಆ ಪೆಟ್ಟಿಗೆಗಳೊಳಗಿನ ಚೀಟಿಗಳ ಹಿಂದೆ ಇವೆ, ಆದರೆ ಐವತ್ತು ವರ್ಷ ಮೊಹರು ಒಡೆಯುವಂತಿಲ್ಲ ಎಂದು ಹೇಳಿ ನಗಿಸಿದ್ದರಂತೆ.

1984ರಲ್ಲಿ ಅಚ್ಚಾದ ಪುಸ್ತಕದ ಮೊದಲ ವಾಕ್ಯ ಹೀಗಿತ್ತು: "ಆ ಮಧ್ಯಾಹ್ನ ನಾನು ಡುಲುತ್ ನಗರದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದೆ." ನಂತರ ಕಥೆ. 1979ರ ನವೆಂಬರ್ 21, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಸಂಜೆ ನಾಲ್ಕಕ್ಕೆ ಕಣ್ಣು ಬಿಡಲಾಗದ ಹಿಮಗಾಳಿ. ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದ ಹತ್ತೊಂಬತ್ತು ವರ್ಷದ ಜನೀನ್ ಟೆಕೌಟ್ಸ್ ತನ್ನ ಬೆನ್ನು ಹತ್ತಿದ ಗಂಡಸಿನಿಂದ ತಪ್ಪಿಸಿಕೊಂಡು ಸೆಕೆಂಡ್ ಅವೆನ್ಯೂ ಬೀದಿಯ ಒಂದು ಹಳದಿ ಮನೆಯ ಬಾಗಿಲು ಬಡಿದಳು. ಒಳಗಿದ್ದ ಮೌರೀನ್ ಎಂಬ ಹೆಂಗಸು ಬಾಗಿಲು ತೆಗೆಯಲಿಲ್ಲ, ಜಗಲಿಯ ದೀಪ ಆರಿಸಿದಳು. ಮಾರನೆಯ ದಿನ ಗಣಿಯ ದಾರಿಯಲ್ಲಿ ಹಿಮದಡಿ ಹುಡುಗಿಯ ಹೆಣ ಸಿಕ್ಕಿತು. ಕೊಲೆಗಾರ ಒಂಬತ್ತು ದಿನದಲ್ಲಿ ಸಿಕ್ಕಿಬಿದ್ದ, ಒಪ್ಪಿಕೊಂಡ, ಜೈಲಿನಲ್ಲೇ ಸತ್ತ. ಊರು ಅವನನ್ನು ಬೇಗ ಮರೆಯಿತು. ಮರೆಯದೆ ಉಳಿದವಳು ಮೌರೀನ್.

ಪುಸ್ತಕದಲ್ಲಿ ಬದಲಿಸಿದ ಹೆಸರು ಮೊದಲ ಸಲ ಬಂದಲ್ಲೆಲ್ಲ ಒಂದು ನಕ್ಷತ್ರದ ಗುರುತು ಇತ್ತು. ಅಂಥ ಒಂದೊಂದು ಹೆಸರಿನ ಪಕ್ಕದಲ್ಲೂ ಊರಿನ ಜನ ಪೆನ್ಸಿಲಿನಲ್ಲಿ ನಿಜವಾದ ಹೆಸರು ತುಂಬಿದ್ದರು. ಗ್ರಂಥಾಲಯದ ಪ್ರತಿ, ಮೂವತ್ತು ವರ್ಷದ ಓದುಗರು. ಕೆಲವು ಕಡೆ ಜಗಳವೂ ನಡೆದಿತ್ತು: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದುಹಾಕಿದ್ದರು. ಮೌರೀನ್ ಹೆಸರಿನ ಪಕ್ಕದಲ್ಲಿ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ. ನಾಲ್ಕು ಬೇರೆ ಬೇರೆ ಕೈಬರಹದಲ್ಲಿ ಒಂದೇ ಹೆಸರಿತ್ತು, ಆರ್ಡಿಸ್. ಯಾರೋ ಅದನ್ನು ರಬ್ಬರಿನಿಂದ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು. ಅದರ ಮೇಲೂ ಮತ್ತೆ ಬರೆದಿದ್ದರು.

ಡೇನಾ ಪುಸ್ತಕವನ್ನು ಠಾಣೆಗೆ ತಂದು ಓಡೆಲ್ ಮುಂದೆ ಬಿಚ್ಚಿದಳು.

"ಇದು ಯಾರು?"

"ಆರ್ಡಿಸ್ ವಾಲ್‌ಗ್ರೆನ್. ಬ್ರೆಡ್ ಅಂಗಡಿ ಇಟ್ಟಿದ್ರು. ಈ ಎರಡನೇದು ನಮ್ಮಮ್ಮನ ಕೈಬರಹ."

"ನಿನಗೆ ಮೊದಲೇ ಗೊತ್ತಿತ್ತಾ?"

"ಊರಿಗೇ ಗೊತ್ತು. ಆ ಹಳದಿ ಮನೇಲಿ ಎಂಟು ವರ್ಷ ಇದ್ದಿದ್ದು ಅವರೇ ಅಲ್ವಾ."

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ."

ಆರ್ಡಿಸ್ ನೋಡಲು ಹೇಗಿದ್ದಾರೆ ಎಂದು ಡೇನಾ ಕೇಳಿದಳು. ಓಡೆಲ್ ತನ್ನ ಎದೆಯ ಮಟ್ಟಕ್ಕೆ ಕೈ ಹಿಡಿದು, ಗುಬ್ಬಿಯಷ್ಟು ಎಂದ. ಹೇಳಿದ ಮೇಲೆ ಅವನಿಗೇ ಕಲ್ಲಿದ್ದಲಿನ ಕಿಂಡಿ ನೆನಪಾಯಿತು. ಪುಸ್ತಕ ಬಂದ ಮೇಲೆ ಆ ಅಂಗಡಿಯ ಬ್ರೆಡ್ಡನ್ನು ಅವನ ಮನೆಯಲ್ಲಿ ತರುವುದು ನಿಂತಿತ್ತಂತೆ. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ, ಬರೀ ಸೂಪರ್‌ಮಾರ್ಕೆಟ್ಟಿಗೆ ಹೋಗತೊಡಗಿದರು. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿತು.

ಮಧ್ಯಾಹ್ನ 2 ಗಂಟೆಗೆ ಇಬ್ಬರೂ ಆರ್ಡಿಸ್ ಅವರ ಮನೆಗೆ ಹೋದರು. ಅರವತ್ತೆಂಟು ವರ್ಷದ ಆ ಪುಟ್ಟ ಹೆಂಗಸು ಬಾಗಿಲು ತೆಗೆದು ಪೊಲೀಸರ ಮುಖ ನೋಡಿ, ತಡವಾಯ್ತು ನೀವು ಬಂದಿದ್ದು, ಎಂದರು. ಒಂದನೆಯ ಪೆಟ್ಟಿಗೆ ಅಡುಗೆಮನೆಯ ಮೇಜಿನ ಮೇಲೇ ಇತ್ತು. ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ. ಮೊಣಕೈ ತರಚಿಹೋಗಿ ಪಟ್ಟಿ ಕಟ್ಟಿಕೊಂಡಿದ್ದರು.

ಪ್ರಶ್ನೆ ಕೇಳುವ ಮೊದಲೇ ತಪ್ಪೊಪ್ಪಿಗೆ ಸಿಕ್ಕಂತಾಯಿತು. ಆದರೂ ಡೇನಾಳ ಗೊಂದಲ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಕಾರಣ, ಕದ್ದವರೇ ಪೊಲೀಸರಿಗೆ ಪ್ರಶ್ನೆ ಹಾಕತೊಡಗಿದರು.

"ಇದನ್ನ ನೋಡಿ ಸ್ವಲ್ಪ. ನನಗೆ ತಲೆ ಕೆಟ್ಟುಹೋಗಿದೆ," ಎಂದು ಆರ್ಡಿಸ್ ಒಂದು ಚೀಟಿ ಮುಂದೆ ತಳ್ಳಿದರು.

ನಕ್ಷತ್ರದ ಹೆಸರಿಗೊಂದರಂತೆ ಹನ್ನೊಂದು ಚೀಟಿಗಳಿದ್ದವು. ಹತ್ತರ ಹಿಂದೆ ನಿಜವಾದ ಹೆಸರು, ಫೋನ್ ನಂಬರು, ಭೇಟಿಯ ತಾರೀಖು. ಮೌರೀನ್ ಚೀಟಿಯ ಹಿಂದೆ ಇದ್ದದ್ದು ಇಷ್ಟೇ: "412, ಸೆಕೆಂಡ್ ಅವೆನ್ಯೂ. ಹಳದಿ ಮನೆ." ಹೆಸರಿಲ್ಲ.

"ಅದು ನಿಮ್ಮ ಮನೆನಾ?"

"ಬಾಡಿಗೆಗೆ ಇದ್ದೆ. ಆ ವರ್ಷಾನೇ ಬಿಟ್ಟೆ. ಹಬ್ಬಕ್ಕೆ ಮುಂಚೆನೋ ಆಮೇಲೋ ಅನ್ನೋದೇ ಗೊತ್ತಾಗ್ತಿಲ್ಲ."

"ಆ ದಿನ ಎಲ್ಲಿದ್ರಿ ಅಂತ ನೆನಪಿಲ್ವಾ?"

ಆರ್ಡಿಸ್ ತಮ್ಮ ಕೈ ನೋಡಿಕೊಂಡರು.

"ಮೊದಲು ನೆನಪಿತ್ತು, ಸಾರ್ಜೆಂಟಮ್ಮ. ಗಾಳಿ ಜೋರಾಯ್ತು ಅಂತ ಅಂಗಡಿ ಬೇಗ ಮುಚ್ಚಿದೆ, ಮನೆಗೆ ಬಂದು ಮಲಗಿದೆ, ಅಷ್ಟೇ. ಪುಸ್ತಕ ಬಂತು. ಎಲ್ಲರೂ ನೀನೇ ಅಂದ್ರು, ಬಾಯಲ್ಲಿ ಅಲ್ಲ, ಕಣ್ಣಲ್ಲಿ. ಆ ಪುಟ ನಾನೂ ನೂರು ಸಲ ಓದಿದೆ. ಓದ್ತಾ ಓದ್ತಾ ನನಗೂ ಬಾಗಿಲು ಬಡಿದ ಸದ್ದು ಕೇಳೋಕೆ ಶುರುವಾಯ್ತು. ಸ್ವಿಚ್ಚು ಬೆರಳಿಗೆ ತಣ್ಣಗೆ ಹತ್ತುತ್ತೆ. ಈಗ ಯಾವುದು ನಿಜ, ಯಾವುದು ಓದಿದ್ದು, ನನಗೇ ಗೊತ್ತಿಲ್ಲ."

ವರ್ನಾ ಅವರನ್ನೇ ಕೇಳಬಹುದಿತ್ತಲ್ಲ ಎಂದದ್ದಕ್ಕೆ, ಕೇಳಲು ಮೂರು ಸಲ ಅವರ ಗೇಟಿನವರೆಗೆ ಹೋಗಿ ಹಿಂದಿರುಗಿದ್ದಾಗಿ ಹೇಳಿದರು. ಹೌದು ಎಂದುಬಿಟ್ಟರೆ ಎನ್ನುವ ಭಯವಂತೆ. ಪೆಟ್ಟಿಗೆಗಳಿಗೆ ಐವತ್ತು ವರ್ಷ ಮೊಹರು ಬೀಳುತ್ತದೆ ಎಂದು ಕೇಳಿದ ಮೇಲೆ ಬೇರೆ ದಾರಿ ಕಾಣಲಿಲ್ಲ. ಊರವರು ಏನು ಅಂದುಕೊಂಡರೂ ಪರವಾಗಿಲ್ಲ, ಆ ಹುಡುಗಿಗೆ ಬಾಗಿಲು ತೆಗೆಯದವಳು ತಾನು ಹೌದೋ ಅಲ್ಲವೋ ಎಂದು ತಿಳಿದುಕೊಂಡು ಸಾಯಬೇಕು, ಅಷ್ಟೇ ಅವರ ಆಸೆ.

ಡೇನಾ ಪೆಟ್ಟಿಗೆಯನ್ನು ವಶಪಡಿಸಿಕೊಂಡಳು. ಬಂಧಿಸಲಿಲ್ಲ, ಊರು ಬಿಡಬೇಡಿ ಎಂದು ಹೇಳಿದಳು. ಊರು ಬಿಡುವ ಹಾಗಿದ್ದರೆ 1984ರಲ್ಲೇ ಬಿಡುತ್ತಿದ್ದೆ ಎಂದರು ಆರ್ಡಿಸ್.

ಕಳ್ಳತನದ ಮಟ್ಟಿಗೆ ಪ್ರಕರಣ ಮುಗಿದಿತ್ತು. ಗುರುವಾರ ಡೇನಾ ಮಾಡಿದ ಕೆಲಸ ಅವಳ ಡ್ಯೂಟಿಯಲ್ಲಿ ಬರುತ್ತಿತ್ತೋ ಇಲ್ಲವೋ ಅವಳಿಗೇ ಖಾತ್ರಿ ಇರಲಿಲ್ಲ. ಬೆಳಗ್ಗೆ ದಾಖಲೆ ಕೋಣೆಯಿಂದ 1979ರ ಕೊಲೆ ಕಡತ ತೆಗೆಸಿ ಓದಿದಳು. ಕೊಲೆಗಾರನ ಹೇಳಿಕೆ ಹನ್ನೆರಡು ಪುಟ ಇತ್ತು. ಹುಡುಗಿ ಒಂದು ಮನೆಯ ಬಾಗಿಲು ಬಡಿದಳು, ದೀಪ ಆರಿತು, ಅದನ್ನು ನೋಡಿ ನನಗೆ ಧೈರ್ಯ ಬಂತು ಎಂದು ಅವನು ಹೇಳಿದ್ದ. ಯಾವ ಮನೆ ಎಂದು ಕೇಳಿದ್ದಕ್ಕೆ, ಹಿಮದಲ್ಲಿ ಏನೂ ಕಾಣುತ್ತಿರಲಿಲ್ಲ, ಎಲ್ಲ ಮನೆಯೂ ಬೆಳ್ಳಗಿದ್ದವು ಎಂದಿದ್ದ. ಪೊಲೀಸರು ಬೀದಿಯ ಇಪ್ಪತ್ತಾರು ಮನೆಗಳಲ್ಲಿ ವಿಚಾರಿಸಿದ್ದರು. ತಮ್ಮ ಮನೆಯ ಬಾಗಿಲು ಬಡಿದರೆಂದು ಒಬ್ಬರೂ ಒಪ್ಪಿರಲಿಲ್ಲ, ಮನೆಯವರ ಹೆಸರುಗಳನ್ನು ಯಾರೂ ಬರೆದುಕೊಂಡಿರಲಿಲ್ಲ. "ಮನೆ ಪತ್ತೆಯಾಗಿಲ್ಲ" ಎಂದು ಬರೆದು ಕಡತ ಮುಚ್ಚಿದ್ದರು.

ಡೇನಾ ಆ ಸಾಲನ್ನು ಎರಡು ಸಲ ಓದಿದಳು. ಕೊಲೆಗಾರನಿಗೆ ಗೊತ್ತಿಲ್ಲ, ಪೊಲೀಸರಿಗೆ ಗೊತ್ತಿಲ್ಲ, ಹುಡುಗಿ ಸತ್ತಳು. ಹಳದಿ ಮನೆ ಎಂದು ಲೇಖಕಿಗೆ ಹೇಳಿದವರು ಯಾರು?

11 ಗಂಟೆಗೆ, ಆ ನವೆಂಬರ್‌ನಲ್ಲಿ ಹಳದಿ ಮನೆಯ ಕರೆಂಟ್ ಬಿಲ್ಲು ಯಾರ ಹೆಸರಿನಲ್ಲಿತ್ತು ಎಂದು ನೋಡಲು ಊರಿನ ವಿದ್ಯುತ್ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತೆ ಗೊಣಗುತ್ತಲೇ ಹಳೆಯ ಮೀಟರ್ ಕಾರ್ಡುಗಳ ಡ್ರಾಯರು ಎಳೆದಳು. ಸೆಕೆಂಡ್ ಅವೆನ್ಯೂ 412ರ ಕಾರ್ಡಿನಲ್ಲಿ ಆರ್ಡಿಸ್ ವಾಲ್‌ಗ್ರೆನ್ ಹೆಸರು 1979ರ ಅಕ್ಟೋಬರ್ 31ಕ್ಕೆ ಮುಗಿದಿತ್ತು. ಮರುದಿನ, ನವೆಂಬರ್ 1ರಿಂದ, ಮಾರ್ಚ್‌ವರೆಗೆ ಬೇರೊಂದು ಹೆಸರಿತ್ತು. ವರ್ನಾ ಸ್ಟ್ರಾಂಡ್.

"ಈ ಸ್ಟ್ರಾಂಡ್ ಯಾರು?"

"ನಮ್ಮ ಬರಹಗಾರ್ತಿನೇ. ಸ್ಟ್ರಾಂಡ್ ಅನ್ನೋನು ಮೊದಲನೇ ಗಂಡ. ಆ ಹೆಸರು ಅವನ ಜೊತೆನೇ ಹೋಯ್ತು."

ಮಧ್ಯಾಹ್ನ 1 ಗಂಟೆ 30ಕ್ಕೆ ವರ್ನಾ ಅವರ ಬಾಗಿಲಿನ ಮೂರು ಬೀಗಗಳು ಒಂದೊಂದಾಗಿ ತೆರೆದುಕೊಂಡವು. ಡೇನಾ ಚೀಟಿಯನ್ನೂ ಮೀಟರ್ ಕಾರ್ಡಿನ ನಕಲನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ವರ್ನಾ ಕನ್ನಡಕ ಹಾಕಿಕೊಳ್ಳಲಿಲ್ಲ. ಏನಿದೆ ಎಂದು ಅವರಿಗೆ ಗೊತ್ತಿತ್ತು.

"ಡುಲುತ್‌ಗೆ ಹೋಗಿದ್ರಾ?"

"ಇಲ್ಲ."

"ಬಾಗಿಲು ಬಡಿದದ್ದು ಕೇಳಿಸ್ತಾ?"

"ಕೇಳಿಸ್ತು. ನನ್ನ ಗಂಡ ಕುಡಿದು ಬಂದಿದಾನೆ ಅನ್ಕೊಂಡೆ. ಹಿಂದಿನ ವಾರ ಅವನು ನನ್ನ ಹೊಡೆದಿದ್ದ. ದೀಪ ಆರಿಸಿ ಹಾಸಿಗೆ ಪಕ್ಕ ಕೂತುಬಿಟ್ಟೆ."

"ಪೊಲೀಸರು ಬಂದಾಗ?"

"ಹುಡುಗಿ ಅಂತ ಆಗ ಗೊತ್ತಾಯ್ತು. ಊರಲ್ಲೇ ಇರಲಿಲ್ಲ ಅಂದುಬಿಟ್ಟೆ."

ಇಷ್ಟನ್ನೇ ಬರೆದಿದ್ದರೆ ಯಾರು ಏನನ್ನುತ್ತಿದ್ದರು ಎಂದು ಡೇನಾಳಿಗೆ ಅನಿಸಿತು. ಹೆದರಿದ ಹೆಂಗಸೊಬ್ಬಳು ಬಾಗಿಲು ತೆಗೆಯಲಿಲ್ಲ, ಅಷ್ಟೇ ತಾನೆ. ವರ್ನಾ ಮೊದಲು ಬರೆಯಲು ಕೂತದ್ದು ಇದನ್ನೇ ಹೇಳಲು ಅಂತೆ. ಬರೆಯುತ್ತಾ ಹೋದಂತೆ ಕೈ ಹಿಂಜರಿಯಿತು. ತನ್ನ ಜಾಗದಲ್ಲಿ ಮೌರೀನ್ ಎಂಬವಳನ್ನು ನಿಲ್ಲಿಸಿದರು. ಹೊಡೆಯುವ ಗಂಡನನ್ನು ತೆಗೆದರು. ಹೆಸರು ಬದಲಿಸಿ ನಕ್ಷತ್ರ ಹಾಕಿದರೆ ಸಾಕು ಎನ್ನುವುದು ಆ ವೃತ್ತಿಯವರ ನಂಬಿಕೆ. ಮನೆಯ ಬಣ್ಣ ಬದಲಿಸಬೇಕು ಎಂದು ಹೊಳೆಯಲಿಲ್ಲ. ತಾನು ಐದು ತಿಂಗಳು ಇದ್ದ ಮನೆಯನ್ನು ಊರು ಇನ್ನೊಬ್ಬರ ಎಂಟು ವರ್ಷದಿಂದ ಗುರುತಿಸುತ್ತದೆ ಎನ್ನುವುದೂ ಹೊಳೆಯಲಿಲ್ಲ.

"ಆರ್ಡಿಸ್ ಅಂಗಡಿ ಮುಚ್ಚಿದಾಗ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಮುಂದಿನ ಪುಸ್ತಕದಲ್ಲಿ ಹೇಳ್ತೀನಿ ಅನ್ಕೊಂಡೆ. ಹದಿನೆಂಟು ಸಲ ಅನ್ಕೊಂಡೆ. ಆ ಚೀಟೀನ ಹರಿದು ಹಾಕೋಕೂ ಆಗಲಿಲ್ಲ, ಹೆಸರು ಬರೆಯೋಕೂ ಆಗಲಿಲ್ಲ." ಆಮೇಲೆ ವರ್ನಾ ಕೇಳಿದರು: "ದೂರು ವಾಪಸು ತಗೊಂಡ್ರೆ ಆರ್ಡಿಸ್‌ಗೆ ಶಿಕ್ಷೆ ಆಗಲ್ಲ ಅಲ್ವಾ?"

ಅದು ಕರುಣೆಯೋ ಜಾಣತನವೋ ಡೇನಾಳಿಗೆ ತಿಳಿಯಲಿಲ್ಲ. ಬಹುಶಃ ವರ್ನಾ ಅವರಿಗೂ ತಿಳಿದಿರಲಿಲ್ಲ. ಫೋನಿನಲ್ಲಿ ಮಾತಾಡಿದ ಸರ್ಕಾರಿ ವಕೀಲರು, ಪೆಟ್ಟಿಗೆ ಸಿಕ್ಕಿದೆ, ಇಬ್ಬರೂ ಮುದುಕಿಯರು, ಆರೋಪಿಯ ಅಭ್ಯಂತರ ಇಲ್ಲದಿದ್ದರೆ ಮುಚ್ಚಿಬಿಡಿ ಎಂದರು.

ಶುಕ್ರವಾರ, ಅಕ್ಟೋಬರ್ 17, ಬೆಳಗ್ಗೆ 9 ಗಂಟೆಗೆ ಡೇನಾ ಮತ್ತು ಓಡೆಲ್ ಆರ್ಡಿಸ್ ಅವರ ಅಡುಗೆಮನೆಯಲ್ಲಿ ಕೂತರು. ಡೇನಾ ಮೀಟರ್ ಕಾರ್ಡಿನ ತಾರೀಖು ಓದಿ ಹೇಳಿದಳು. ಆಮೇಲೆ ವರ್ನಾ ಅವರ ಹೇಳಿಕೆಯನ್ನು ಓದಿದಳು. ಆರ್ಡಿಸ್ ತಾರೀಖನ್ನು ಇನ್ನೊಂದು ಸಲ ಓದಿಸಿಕೊಂಡರು. ಅಳುತ್ತಾರೆ ಎಂದು ಓಡೆಲ್ ಕರವಸ್ತ್ರ ತೆಗೆದ. ಅವರು ಅಳಲಿಲ್ಲ.

"ಹಾಗಾದ್ರೆ ಆ ಸದ್ದು ನಾನು ಕೇಳೇ ಇಲ್ಲ."

"ಇಲ್ಲ. ನೀವು ಆ ಮನೆ ಬಿಟ್ಟು ಮೂರು ವಾರ ಆಗಿತ್ತು."

"ಸ್ವಿಚ್ಚು?"

"ಅದೂ ನಿಮ್ಮದಲ್ಲ."

ಆರ್ಡಿಸ್ ತಮ್ಮ ಬಲಗೈ ಬೆರಳುಗಳನ್ನು ಎಡಗೈಯಿಂದ ಮೆಲ್ಲಗೆ ಒರೆಸಿಕೊಂಡರು. ಇನ್ನು ಕೇಸು ಇರುವುದಿಲ್ಲ, ವರ್ನಾ ದೂರು ವಾಪಸು ಪಡೆಯುತ್ತಾರೆ, ಒಂದು ಸಹಿ ಹಾಕಿದರೆ ಎಲ್ಲ ಮುಗಿಯುತ್ತದೆ ಎಂದು ಡೇನಾ ವಿವರಿಸಿದಳು. ಆರ್ಡಿಸ್ ಕಾಗದವನ್ನು ಪೂರ್ತಿ ಓದಿದರು.

"ಕೇಸು ಇಲ್ಲ ಅಂದ್ರೆ ಆ ಹೇಳಿಕೆ ಎಲ್ಲಿಗೆ ಹೋಗುತ್ತೆ?"

"ಕಡತದಲ್ಲಿರುತ್ತೆ."

"ಯಾರು ಓದ್ತಾರೆ?"

"ಯಾರೂ ಓದಲ್ಲ."

"ಕೇಸು ಇದ್ರೆ?"

"ಕೋರ್ಟಲ್ಲಿ ಓದ್ತಾರೆ. ಎಲ್ಲರ ಎದುರಿಗೆ. ಪೇಪರಲ್ಲೂ ಬರುತ್ತೆ."

ಆರ್ಡಿಸ್ ಕಾಗದವನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತರು. ಕೋಟು ಹಾಕಿಕೊಂಡರು, ತರಚಿದ ಮೊಣಕೈ ತೋಳಿನೊಳಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನು ಆ ಮನೆಗೆ ನುಗ್ಗಿದ್ದು ನಿಜ, ಪೆಟ್ಟಿಗೆ ಕದ್ದಿದ್ದು ನಿಜ. ಅರೆಸ್ಟ್ ಮಾಡಿ, ಸಾರ್ಜೆಂಟಮ್ಮ."

ಡೇನಾ ಓಡೆಲ್ ಮುಖ ನೋಡಿದಳು. ಓಡೆಲ್ ನೆಲ ನೋಡುತ್ತಿದ್ದ. ತಡವರಿಸುತ್ತಾ, ನಮ್ಮಮ್ಮ ಬರೆದದ್ದು ತಪ್ಪು, ನಾನೂ ಹಾಗೇ ನಂಬಿದ್ದೆ, ಎಂದು ಏನೋ ಹೇಳಲು ಹೋದ. ಆರ್ಡಿಸ್ ಅವನನ್ನು ತಡೆದು, ನಾನೂ ನಂಬಿದ್ದೆನಲ್ಲ, ಬಿಡು, ಎಂದರು.

ಬೆಳಗ್ಗೆ 9 ಗಂಟೆ 50 ನಿಮಿಷಕ್ಕೆ ಮನೆಗಳ್ಳತನದ ಆರೋಪದಡಿ ಆರ್ಡಿಸ್ ವಾಲ್‌ಗ್ರೆನ್ ಅವರ ಬಂಧನವಾಯಿತು. ಕೈಕೋಳ ಹಾಕಲಿಲ್ಲ. ಠಾಣೆಯಲ್ಲಿ ಡೇನಾ ಬಂಧನದ ವರದಿಯನ್ನು ತಾನೇ ಬರೆದಳು. ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ಒಂದೇ ಸಾಲಿನ ಜಾಗವಿತ್ತು. ದ್ವೇಷ, ದುರಾಸೆ, ಕುಡಿತ, ಇವನ್ನು ಬರೆದೇ ಅವಳಿಗೆ ರೂಢಿ. ಬಹಳ ಹೊತ್ತು ಯೋಚಿಸಿ ಬರೆದಳು: "ಆ ದಿನ ತಾನು ಎಲ್ಲಿದ್ದೆ ಎಂದು ತಿಳಿದುಕೊಳ್ಳಲು."